ಹುರುಳಿಕಾಯಿ ಬಿಟ್ಟರೂ ಹುರುಳಿಕಾಳು ಬಿಡಬೇಡಿ

ಸಸ್ಯಾಹಾರಿ ಮನೆಗಳ ಹೈಸ್ಕೂಲು, ಪಿಯುಸಿ ವಿದ್ಯಾರ್ಥಿಗಳೇ,

ಹಾಕಿದ್ದನ್ನೆಲ್ಲ ಚೊಕ್ಕವಾಗಿ ಉಂಡು ಏಳುವವರಿಗೆ ಈ ಪತ್ರದ ಅಗತ್ಯವಿಲ್ಲ. ಬೆಂಡೆಕಾಯಿ ಲೋಳೆ, ಬದನೆಕಾಯಿ ಮೆತ್ತಗೆ, ಮೂಲಂಗಿ ವಾಸನೆ, ಹಾಗಲಕಾಯಿ ಕಹಿ, ಸೊಪ್ಪು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಒಂದೊಂದಕ್ಕೂ ಒಂದೊಂದು ತಕರಾರು ಇಟ್ಟುಕೊಂಡವರಿಗೆ, ಉಪ್ಪಿಟ್ಟಿನೊಳಗಿನ ಹುರುಳಿಕಾಯಿ ಚೂರುಗಳನ್ನು ಒಂದೂ ಬಿಡದೆ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಕೂರಿಸುವವರಿಗೆ ಬರೆಯುತ್ತಿದ್ದೇನೆ. ಊಟದ ಹೊತ್ತಿಗೆ ನಿಮಗೂ ಮನೆಯವರಿಗೂ ನಡೆಯುವ ಜಗಳವೆಲ್ಲ ತರಕಾರಿಯದ್ದು. ಆ ಜಗಳ ನಡೆಯಬೇಕಾದ ಜಾಗ ಅದಲ್ಲ ಎಂಬುದೇ ನನ್ನ ವಾದ. ತರಕಾರಿ ಬಿಟ್ಟರೆ ನಷ್ಟವಿದೆ, ಇಲ್ಲವೆನ್ನುವುದಿಲ್ಲ. ಆದರೆ ತಕರಾರಿನ ಸಸ್ಯಾಹಾರಿಯ ತಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡ ತೂತು ಇರುವುದು ಪಲ್ಯದ ಜಾಗದಲ್ಲಲ್ಲ, ಕಾಳಿನ ಜಾಗದಲ್ಲಿ. ಅದನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ಕಾಳನ್ನು ನೀವು ಅಂಚಿಗೆ ಸರಿಸುವುದಿಲ್ಲ. ಅದು ನಿಮ್ಮ ತಟ್ಟೆಗೆ ಬಂದೇ ಇರುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಕೇಂದ್ರ ಆರೋಗ್ಯ ಸಚಿವಾಲಯ 2016–18ರಲ್ಲಿ ಯುನಿಸೆಫ್ ನೆರವಿನಿಂದ ದೇಶದ ಮಕ್ಕಳ ಪೋಷಣೆಯ ಸಮಗ್ರ ಸಮೀಕ್ಷೆಯೊಂದನ್ನು ನಡೆಸಿತು. 10ರಿಂದ 19 ವರ್ಷದವರಲ್ಲಿ ಶೇ. 28 ಮಂದಿಗೆ ರಕ್ತಹೀನತೆ, ಶೇ. 31 ಮಂದಿಗೆ ವಿಟಮಿನ್ ಬಿ12 ಕೊರತೆ, ಶೇ. 37 ಮಂದಿಗೆ ಫೋಲೇಟ್ ಕೊರತೆ ಕಂಡುಬಂತು. ಹುಡುಗಿಯರನ್ನಷ್ಟೇ ತೆಗೆದುಕೊಂಡರೆ ರಕ್ತಹೀನತೆ ಶೇ. 40. ಅದರ ನಂತರದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ 2019–21ರದ್ದು, 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59, ಹುಡುಗರಲ್ಲಿ ಶೇ. 31 ಎಂದಿತು. ಎರಡರ ನಡುವೆ ಇಷ್ಟು ಅಂತರ ಏಕೆಂದರೆ, ಮೊದಲನೆಯದರಲ್ಲಿ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸಿದ್ದರು, ಎರಡನೆಯದರಲ್ಲಿ ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ತೆಗೆದಿದ್ದರು. ವಯಸ್ಸಿನ ಲೆಕ್ಕವೂ ಬೇರೆ. ಯಾವುದು ಸರಿ ಎಂದು ತಜ್ಞರು ಇನ್ನೂ ಚರ್ಚಿಸುತ್ತಿದ್ದಾರೆ. ನಾವು ಕಡಿಮೆ ಅಂಕಿಯನ್ನೇ ಹಿಡಿಯೋಣ. ಆಗಲೂ ಐವರು ಹುಡುಗಿಯರಲ್ಲಿ ಇಬ್ಬರು ಸಿಗುತ್ತಾರೆ. ಇನ್ನೊಂದು ಮಾತು: ಈ ಸಮೀಕ್ಷೆಗಳಲ್ಲಿ ಮಾಂಸ ತಿನ್ನುವವರೂ ಇದ್ದರು. ಹಾಗಾಗಿ ತಪ್ಪೆಲ್ಲ ಸಸ್ಯಾಹಾರದ್ದು ಎಂದು ಇವುಗಳಿಂದ ಸಾಬೀತಾಗುವುದಿಲ್ಲ. ಸಾಬೀತಾಗುವುದು ಇಷ್ಟೇ: ನಿಮ್ಮ ವಯಸ್ಸಿನವರಲ್ಲಿ ಹೊಟ್ಟೆ ತುಂಬಿದ್ದರೂ ರಕ್ತದಲ್ಲಿ ಕೊರತೆ ಇರುವುದು ತೀರ ಸಾಮಾನ್ಯ.

ಈಗ ನಿಮ್ಮ ಒಂದು ದಿನದ ಊಟವನ್ನು ಬಿಡಿಸಿ ನೋಡೋಣ. ಬೆಳಿಗ್ಗೆ ಮೂರು ಇಡ್ಲಿ. ಮಧ್ಯಾಹ್ನದ ಡಬ್ಬಿಗೆ ಚಿತ್ರಾನ್ನ. ಸಂಜೆ ಟ್ಯೂಷನ್‌ಗೆ ಹೋಗುವ ಮುಂಚೆ ಒಂದು ಪೊಟ್ಟಣ ನೂಡಲ್ಸ್. ರಾತ್ರಿ ಅನ್ನ, ತಿಳಿಸಾರು, ಮೊಸರು. ಪಲ್ಯ ಮಾಡಿದ್ದರು, ನೀವು ಹಾಕಿಸಿಕೊಳ್ಳಲಿಲ್ಲ. ಪ್ರೋಟೀನ್ ಕೂಡಿಸಿದರೆ ಇಡ್ಲಿಯಿಂದ ಆರು ಗ್ರಾಂ, ಚಿತ್ರಾನ್ನದ ಅಕ್ಕಿಯಿಂದ ಏಳೆಂಟು, ಅದರಲ್ಲಿರುವ ಕಡಲೆಕಾಯಿ ಬೀಜದಿಂದ ನಾಲ್ಕೈದು, ನೂಡಲ್ಸ್‌ನಿಂದ ಆರರ ಆಸುಪಾಸು, ರಾತ್ರಿಯದ್ದೆಲ್ಲ ಸೇರಿ ಹದಿಮೂರು–ಹದಿನಾಲ್ಕು. ನಲವತ್ತರ ಒಳಗೇ ನಿಲ್ಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನ ಪ್ರಕಾರ 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 46 ಗ್ರಾಂ, ಹುಡುಗನಿಗೆ 55 ಗ್ರಾಂ ಬೇಕು. ಕೊರತೆ ಇದೆ, ಆದರೆ ಗಾಬರಿ ಬೀಳುವಷ್ಟಲ್ಲ. ಕಬ್ಬಿಣ ಕೂಡಿಸಿದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ತಿಳಿಸಾರಿನಲ್ಲಿ ನಿಮ್ಮ ಪಾಲಿಗೆ ಬರುವ ತೊಗರಿಬೇಳೆ ಒಂದೆರಡು ಚಮಚ. ಮೊಸರಿನಲ್ಲಿ ಕಬ್ಬಿಣ ಇಲ್ಲವೆಂದೇ ಹೇಳಬೇಕು. ಇಡೀ ದಿನದ್ದು ಸೇರಿಸಿದರೂ ಹತ್ತು ಮಿಲಿಗ್ರಾಂ ಮುಟ್ಟುವುದಿಲ್ಲ. ಶಿಫಾರಸು ಹುಡುಗಿಗೆ 32, ಹುಡುಗನಿಗೆ 26 ಮಿಲಿಗ್ರಾಂ. ಶಿಫಾರಸಿನ ಅಂಕಿಯನ್ನು ಹೆಚ್ಚುಕಡಿಮೆ ಎಲ್ಲರಿಗೂ ಸಾಲುವಂತೆ ಸ್ವಲ್ಪ ಧಾರಾಳವಾಗಿಯೇ ಇಟ್ಟಿರುತ್ತಾರೆ, ನಿಜ. ಹಾಗೆಂದು ಮೂರನೇ ಒಂದರಷ್ಟರಲ್ಲಿ ಬದುಕು ಸಾಗದು, ಅದರಲ್ಲೂ ಎತ್ತರ ಬೆಳೆಯುವ, ರಕ್ತದ ಪ್ರಮಾಣ ಹೆಚ್ಚುವ, ಹುಡುಗಿಯರಿಗೆ ತಿಂಗಳು ತಿಂಗಳು ರಕ್ತ ಹೋಗುವ ವಯಸ್ಸಿನಲ್ಲಿ.

ಇದೇ ತಟ್ಟೆಗೆ ನೀವು ಬಿಟ್ಟ ಹುರುಳಿಕಾಯಿ ಪಲ್ಯವನ್ನು ಸೇರಿಸಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ನಾರು ಬರುತ್ತದೆ, ಒಂದಷ್ಟು ವಿಟಮಿನ್ ಬರುತ್ತದೆ, ಕಬ್ಬಿಣ ಒಂದು ಮಿಲಿಗ್ರಾಂ ಆಸುಪಾಸು. ಅದೇ ಐವತ್ತು ಗ್ರಾಂ ಹುರುಳಿಕಾಳು ಹಾಕಿದರೆ ಹನ್ನೊಂದು ಗ್ರಾಂನಷ್ಟು ಪ್ರೋಟೀನು, ನಾಲ್ಕು ಮಿಲಿಗ್ರಾಂ ದಾಟುವ ಕಬ್ಬಿಣ ಒಟ್ಟಿಗೆ ಸಿಗುತ್ತವೆ. ಕಡಲೆಕಾಳು, ಹೆಸರುಕಾಳು, ಅಲಸಂದೆ, ಮಡಿಕೆಕಾಳು ಎಲ್ಲವೂ ಇದೇ ಜಾತಿಯವು. ಸಮೀಕ್ಷೆಯಲ್ಲಿ ಶೇ. 37 ಮಂದಿಗೆ ಕಡಿಮೆ ಬಿದ್ದ ಫೋಲೇಟ್ ಸೊಪ್ಪಿನಲ್ಲಷ್ಟೇ ಇರುವುದಲ್ಲ, ಕಾಳಿನಲ್ಲೂ ಧಾರಾಳವಾಗಿದೆ. ಅಕ್ಕಿ, ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಹೆಚ್ಚು, ಅಲ್ಲಿ ಕಡಿಮೆ ಇರುವುದು ಮೆಥಿಯೊನಿನ್, ಅದು ಅಕ್ಕಿಯಲ್ಲಿದೆ. ಎರಡೂ ಒಂದೇ ದಿನದಲ್ಲಿ ಹೊಟ್ಟೆಗೆ ಬಿದ್ದರೆ ಸಾಕು, ಒಂದೇ ತುತ್ತಿನಲ್ಲಿ ಬೇಕೆಂದೇನಿಲ್ಲ. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಮಾದರಿ ತಟ್ಟೆಯೊಂದಿದೆ. ಅದರಲ್ಲಿ ಧಾನ್ಯ 250 ಗ್ರಾಂ, ಕಾಳುಬೇಳೆ 85 ಗ್ರಾಂ. ನಮ್ಮ ಬಹುತೇಕ ಮನೆಗಳ ತಿಳಿಸಾರು ಆ 85ರ ಹತ್ತಿರ ಸುಳಿಯುವುದೂ ಇಲ್ಲ.

ಕಾಳು ಎಂದ ತಕ್ಷಣ ಮುಖ ಕಿವಿಚಿದವರೂ ನಿಮ್ಮಲ್ಲಿ ಇರುತ್ತೀರಿ. ಸಿಪ್ಪೆ ಬಾಯಿಗೆ ಬರುತ್ತದೆ, ಒಳಗೆ ಹಿಟ್ಟುಹಿಟ್ಟಾಗಿರುತ್ತದೆ, ವಾಸನೆ ಹಿಡಿಸುವುದಿಲ್ಲ. ಇಲ್ಲೇ ಕಾಳಿಗೂ ತರಕಾರಿಗೂ ಇರುವ ವ್ಯತ್ಯಾಸ ನಿಮ್ಮ ನೆರವಿಗೆ ಬರುವುದು. ಬದನೆಕಾಯಿ ಎಷ್ಟು ಮಾಡಿದರೂ ಬದನೆಕಾಯಿಯೇ. ಕಾಳನ್ನು ಮಾತ್ರ ರುಬ್ಬಬಹುದು, ಹುರಿಯಬಹುದು, ಪುಡಿ ಮಾಡಬಹುದು, ಬಸಿದು ಕಟ್ಟು ತೆಗೆಯಬಹುದು, ಹಿಚುಕಿ ಸಿಪ್ಪೆ ಬಿಡಿಸಬಹುದು. ನೆನೆಹಾಕಿದ ಹೆಸರುಕಾಳನ್ನು ಹಸಿಮೆಣಸಿನಕಾಯಿ, ಶುಂಠಿಯ ಜೊತೆ ರುಬ್ಬಿ ತೆಳ್ಳಗೆ ಹುಯ್ದರೆ ಗರಿಗರಿ ದೋಸೆ. ನಿಮಗೆ ದೋಸೆ ಬೇಡವೆನ್ನುವ ಅಭ್ಯಾಸವಂತೂ ಇಲ್ಲ. ಧಾರವಾಡ, ಬೆಳಗಾವಿ ಕಡೆಯವರಿಗೆ ಝುಣಕವನ್ನು ನಾನು ಹೇಳಿಕೊಡಬೇಕಿಲ್ಲ, ಅದು ಪೂರಾ ಕಡಲೆಹಿಟ್ಟೇ. ರೊಟ್ಟಿಗೆ ಶೇಂಗಾ ಚಟ್ನಿಯನ್ನೋ ಗುರೆಳ್ಳು ಚಟ್ನಿಯನ್ನೋ ಚಿಟಿಕೆ ಲೆಕ್ಕದಲ್ಲಿ ಹಚ್ಚಿಕೊಳ್ಳದೆ ಎರಡು ದೊಡ್ಡ ಚಮಚ ಹಾಕಿ ಮೊಸರಿನಲ್ಲಿ ಕಲಸಿ. ಹಳೆ ಮೈಸೂರಿನ ಹುರುಳಿಕಟ್ಟಿನ ಸಾರಿನಲ್ಲಿ ಕಾಳು ಕಣ್ಣಿಗೆ ಬೀಳುವುದಿಲ್ಲ, ಆದರೆ ಒಂದು ಎಚ್ಚರ: ಕಟ್ಟು ಕುಡಿದು ಕಾಳನ್ನು ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಉಳಿಯುತ್ತದೆ, ಒಂದು ಹಿಡಿ ಕಾಳನ್ನು ಅದರಲ್ಲೇ ರುಬ್ಬಿ ಸೇರಿಸಬೇಕು. ಬೀದಿಯ ಮಸಾಲಪುರಿಯ ರಸ ನಿಮಗೆ ಪ್ರಾಣ. ಅದು ಒಣ ಬಟಾಣಿ ಬೇಯಿಸಿ ರುಬ್ಬಿದ್ದೇ ಅಲ್ಲವೇ? ಮನೆಯಲ್ಲಿ ಮಾಡಿಸಿಕೊಂಡು ಪುರಿ ಕಡಿಮೆ, ರಸ ಜಾಸ್ತಿ ಮಾಡಿ. ಡಬ್ಬಿಗೆ ಬೇರೇನೂ ಒಗ್ಗದ ದಿನ ಒಂದು ಹಿಡಿ ಹುರಿಗಡಲೆ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ತುಂಡು ಬೆಲ್ಲ ಹಾಕಿಕೊಂಡು ಹೋದರೂ ಅದು ನೂಡಲ್ಸಿಗಿಂತ ಎಷ್ಟೋ ಮೇಲು.

ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಓದುವವರಿಗೆ ಇಲ್ಲೊಂದು ಸಣ್ಣ ವಿಷಯ. ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2025ರಲ್ಲಿ ನಿಲ್ಲಿಸುವವರೆಗೆ ಶೇಂಗಾ ಚಿಕ್ಕಿಯೂ ಇತ್ತು. ಮೊಟ್ಟೆಯಲ್ಲಿ ಪ್ರೋಟೀನ್ ಸುಮಾರು ಆರು ಗ್ರಾಂ, ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಮೂವತ್ತೈದು–ನಲವತ್ತು ಗ್ರಾಂ ತೂಗುವ ಚಿಕ್ಕಿಯಲ್ಲಿ ನಾಲ್ಕೈದು. ಹೀಗಿರುವಾಗ ಬಾಳೆಹಣ್ಣನ್ನು ಮೊಟ್ಟೆಯ ಬದಲಿ ಎಂದು ಒಪ್ಪಿಕೊಂಡದ್ದೇ ನನಗೆ ಸೋಜಿಗ. ಚಿಕ್ಕಿಯನ್ನು ಮನೆಯಿಂದಲೇ ಡಬ್ಬಿಗೆ ಹಾಕಿಕೊಂಡು ಹೋಗಿ. 2013ರಿಂದ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲು, 2024ರಿಂದ ವಾರದ ಕೆಲವು ದಿನ ಅದರೊಳಗೆ ರಾಗಿ ಹಿಟ್ಟಿನ ಮಾಲ್ಟ್ ಕೂಡ ಇದೆ. ಅದನ್ನು ಗಿಡದ ಬುಡಕ್ಕೆ ಸುರಿಯುವ ಮುಂಚೆ ಮುಂದಿನ ಮಾತು ಕೇಳಿ.

ಬಿ12 ವಿಟಮಿನ್ನನ್ನು ಯಾವ ಗಿಡವೂ ತಯಾರಿಸುವುದಿಲ್ಲ. ಸೊಪ್ಪು, ಕಾಳು, ಹಣ್ಣು ಎಷ್ಟು ತಿಂದರೂ ಅದು ಸಿಗದು. ಇಡ್ಲಿ ಹಿಟ್ಟು ಹುದುಗುವುದರಿಂದ ಬರುತ್ತದೆ, ಸ್ಪಿರುಲಿನಾದಲ್ಲಿ ಇದೆ ಎಂಬ ಮಾತುಗಳನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಸಸ್ಯಾಹಾರಿಗೆ ಮನೆಯ ಅಡುಗೆಯಲ್ಲಿ ಅದಕ್ಕಿರುವ ದಾರಿ ಹಾಲು, ಮೊಸರು, ಮಜ್ಜಿಗೆ, ಪನೀರು ಮಾತ್ರ. ಹಾಲಿನ ವಾಸನೆ ಆಗದವರು ಮೊಸರಿಗೆ, ಮೊಸರು ಆಗದವರು ಪನೀರಿಗೆ ಬರಲಿ. ಮೂರೂ ಬೇಡವೆಂದರೆ, ಅಥವಾ ಪ್ರಾಣಿದಯೆಯಿಂದ ವೀಗನ್ ಆಗಿದ್ದರೆ, ವೈದ್ಯರನ್ನು ಕೇಳಿ ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ. ಬಿ12 ಕೊರತೆ ನರಗಳನ್ನು ಕೆಡಿಸುತ್ತದೆ, ಕೈಕಾಲು ಜೋಮು ಹಿಡಿಯುವುದರಿಂದ ಶುರುವಾಗಿ ತಡವಾದರೆ ಪೂರ್ತಿ ಸರಿಯಾಗದೆಯೂ ಉಳಿಯಬಹುದು. ಇನ್ನು ಕ್ಯಾಲ್ಸಿಯಂ. 16ರಿಂದ 18ರವರಿಗೆ ದಿನಕ್ಕೆ 1050 ಮಿಲಿಗ್ರಾಂ ಬೇಕು, ಮೂಳೆಯ ಬಹುಪಾಲು ಗಟ್ಟಿಯಾಗುವ ವಯಸ್ಸು ಇದೇ. ನೂರು ಗ್ರಾಂ ಹಾಲಿನಲ್ಲಿ 118 ಮಿಲಿಗ್ರಾಂ, ನೂರು ಗ್ರಾಂ ರಾಗಿಯಲ್ಲಿ 364. ರಾಗಿಯದ್ದು ಹಾಲಿನದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ, ಆದರೂ ಅಕ್ಕಿಯ ಜೊತೆ ಹೋಲಿಸುವಂತೆಯೇ ಇಲ್ಲ. ಮುದ್ದೆ ಗಂಟಲಲ್ಲಿ ಇಳಿಯದವರಿಗೆ ರಾಗಿ ದೋಸೆ, ರಾಗಿ ರೊಟ್ಟಿ, ಹುರಿಹಿಟ್ಟು ಇವೆ.

ಕಬ್ಬಿಣಕ್ಕೆ ಸೊಪ್ಪಲ್ಲವೇ, ಪಾಲಕ್ ತಿನ್ನಿ ಎನ್ನುತ್ತಾರಲ್ಲ ಎಂದು ಕೇಳುತ್ತೀರಿ. ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಕಬ್ಬಿಣ ಸುಮಾರು ಮೂರು ಮಿಲಿಗ್ರಾಂ. ಬೇಯಿಸಿದರೆ ಅಷ್ಟೂ ಸೊಪ್ಪು ಒಂದು ಸೌಟಿನಷ್ಟಾಗುತ್ತದೆ, ಆ ಕಬ್ಬಿಣದಲ್ಲೂ ಮೈಗೆ ಹತ್ತುವುದು ಅಲ್ಪ. ಹರಿವೆ, ನುಗ್ಗೆಸೊಪ್ಪು ಅದಕ್ಕಿಂತ ವಾಸಿ. ಹೀಗೆ ಹೇಳುವಾಗ ಕಾಳಿನ ಪಕ್ಷ ವಹಿಸಿ ಅದರ ದೋಷ ಮುಚ್ಚಿಡುವುದೂ ಸರಿಯಲ್ಲ. ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ ಕೂಡ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಸ್ಯಮೂಲದ ಕಬ್ಬಿಣದಲ್ಲಿ ದೇಹ ಹೀರುವುದು ಹತ್ತರಲ್ಲಿ ಒಂದು ಪಾಲು ಆದರೆ ಹೆಚ್ಚು. ನಮ್ಮ ಶಿಫಾರಸಿನ ಅಂಕಿ ಅಷ್ಟು ದೊಡ್ಡದಿರಲು ಕಾರಣವೂ ಅದೇ. ಹಾಗಾಗಿ ಎಷ್ಟು ತಿಂದಿರಿ ಎನ್ನುವುದರಷ್ಟೇ, ಯಾವುದರ ಜೊತೆ ತಿಂದಿರಿ ಎನ್ನುವುದೂ ಮುಖ್ಯ. ನೆನೆಹಾಕಿ ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ವಿಟಮಿನ್ ಸಿ ಇದ್ದರೆ ಹೀರಿಕೆ ಏರುತ್ತದೆ: ಉಸಲಿಯ ಮೇಲೆ ನಿಂಬೆಹಣ್ಣು, ಕೋಸಂಬರಿಗೆ ಮಾವಿನಕಾಯಿ ತುರಿ, ಊಟದ ಜೊತೆಗೋ ನಂತರವೋ ಒಂದು ಸೀಬೆಹಣ್ಣು. ನೂರು ಗ್ರಾಂ ಸೀಬೆಯಲ್ಲಿ ಇನ್ನೂರು ಮಿಲಿಗ್ರಾಂಗೂ ಮೇಲೆ ವಿಟಮಿನ್ ಸಿ ಇದೆ, ತರಕಾರಿ ಮುಟ್ಟದವರೂ ಅದಕ್ಕೆ ಉಪ್ಪು–ಖಾರ ಹಚ್ಚಿ ತಿನ್ನುತ್ತಾರೆ. ಬಿಸಿಗೆ ಈ ವಿಟಮಿನ್ ಹಾಳಾಗುತ್ತದೆ, ಆದ್ದರಿಂದ ನಿಂಬೆರಸ ಒಲೆ ಆರಿಸಿದ ಮೇಲೆ. ಟೀ, ಕಾಫಿ ಇದಕ್ಕೆ ಪೂರಾ ಉಲ್ಟಾ, ಅವು ಹೀರಿಕೆಯನ್ನು ತಗ್ಗಿಸುತ್ತವೆ. ಊಟಕ್ಕೆ ಒಂದು ಗಂಟೆ ಮುಂಚೆ, ಊಟವಾದ ಒಂದು ಗಂಟೆಯವರೆಗೆ ಬೇಡ ಎಂದು 2024ರ ಮಾರ್ಗಸೂಚಿಯೂ ಹೇಳಿದೆ. ತಿಂಡಿಯ ಜೊತೆಗೇ ಟೀ ಕುಡಿಯುವ ಮನೆಗಳಲ್ಲಿ ಬರೀ ಇದೊಂದನ್ನು ಬದಲಿಸಿದರೂ ಸಾಕಷ್ಟು ಲಾಭ, ಅದಕ್ಕೆ ಯಾವ ತರಕಾರಿಯನ್ನೂ ನುಂಗಬೇಕಿಲ್ಲ.

‘ಅಜ್ಜ–ಅಜ್ಜಿಯರ ಕಾಲದಲ್ಲಿ ಪ್ರೋಟೀನ್ ಲೆಕ್ಕ ಯಾರು ಹಾಕುತ್ತಿದ್ದರು?’ ಎಂಬ ಮಾತು ದೊಡ್ಡವರಿಂದ ಬರುತ್ತದೆ. ಯಾರೂ ಹಾಕುತ್ತಿರಲಿಲ್ಲ. ಅವರ ಹೊಲ ಹಾಕುತ್ತಿತ್ತು. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದರು, ಹೊಲದಲ್ಲಿದ್ದದ್ದೇ ತಟ್ಟೆಗೆ ಬರುತ್ತಿತ್ತು. ಅಂದಿನವರೆಲ್ಲ ಗಟ್ಟಿಮುಟ್ಟಾಗಿದ್ದರು ಎಂದು ನಾನು ನಂಬುವುದಿಲ್ಲ. ಅಂದು ರಕ್ತ ಪರೀಕ್ಷಿಸುವವರು ಇರಲಿಲ್ಲ ಅಷ್ಟೆ. ಆದರೆ ಪಾಲಿಶ್ ಅಕ್ಕಿ ಮತ್ತು ತಿಳಿಸಾರನ್ನು ಪರಂಪರೆಯ ಊಟ ಎಂದು ಕರೆಯುವುದು ಆ ಪರಂಪರೆಗೇ ಮಾಡುವ ಅನ್ಯಾಯ. ‘ಮೊಟ್ಟೆ ತಿಂದರೆ ಮುಗಿಯಿತಲ್ಲ’ ಎನ್ನುವವರೂ ಇದ್ದಾರೆ. ತಿನ್ನುವುದು ಬಿಡುವುದು ನಿಮ್ಮ, ನಿಮ್ಮ ಮನೆಯ ತೀರ್ಮಾನ. ತಿಂದರೆ ಬಿ12 ಮತ್ತು ಪ್ರೋಟೀನ್ ಸುಲಭವಾಗುತ್ತದೆ, ತಿನ್ನದೆಯೂ ಆಗುತ್ತದೆ. ಜಿಮ್‌ಗೆ ಸೇರಿದ ಹುಡುಗರ ಪ್ರೋಟೀನ್ ಪುಡಿಗೆ ಒಂದೇ ಮಾತು ಸಾಕು: ಆ ಡಬ್ಬದ ದುಡ್ಡಿಗೆ ತಿಂಗಳಿಡೀ ಮನೆಮಂದಿಗೆಲ್ಲ ಕಾಳು, ಶೇಂಗಾ, ಮೊಸರು ಬರುತ್ತದೆ. ಕಾಳಿನಿಂದ ಗ್ಯಾಸ್ ಎನ್ನುವುದು ಸುಳ್ಳಲ್ಲ. ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿ, ಹಿಂಗಿನ ಒಗ್ಗರಣೆ ಕೊಟ್ಟು, ಮೊದಲ ಎರಡು ವಾರ ಅರ್ಧ ಬಟ್ಟಲಿನಿಂದ ಶುರುಮಾಡಿದರೆ ಬಹಳ ಮಂದಿಗೆ ಹೊಟ್ಟೆ ಒಗ್ಗಿಕೊಳ್ಳುತ್ತದೆ.

ಹಾಗಾದರೆ ತರಕಾರಿಗೆ ಮಾಫಿಯೇ? ಇಲ್ಲ. ನಾರಿಗೆ, ವಿಟಮಿನ್ ಎಗೆ, ಮುಂದಿನ ಐವತ್ತು ವರ್ಷದ ಹೃದಯಕ್ಕೆ ಅದು ಬೇಕೇ ಬೇಕು. ಆದರೆ ನಿಮ್ಮ ತಕರಾರು ನಿಜಕ್ಕೂ ಯಾವುದರ ಮೇಲೆ ಎಂದು ಒಮ್ಮೆ ನೋಡಿಕೊಳ್ಳಿ. ಹೂಕೋಸಿನ ಪಲ್ಯ ಮುಟ್ಟದವರೇ ಗೋಬಿ ಮಂಚೂರಿ ಗಾಡಿಯ ಮುಂದೆ ಸಾಲು ನಿಲ್ಲುವುದು. (ಅದಕ್ಕೆ ಹಾಕುತ್ತಿದ್ದ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದಾಗ ಗೋಬಿಯೇ ನಿಂತುಹೋಯಿತೆಂದು ಕಂಗಾಲಾದವರೂ ಇದ್ದರು.) ಅಂದರೆ ಹೂಕೋಸಿನ ಮೇಲೆ ನಿಮಗೆ ಸಿಟ್ಟಿಲ್ಲ, ಮೆತ್ತಗಾಗುವುದರ ಮೇಲೆ ಸಿಟ್ಟು. ಬೆಂಡೆಕಾಯಿಯನ್ನು ತೊಳೆದು ಪೂರ್ತಿ ಒಣಗಿಸಿ, ಉದ್ದಕ್ಕೆ ಸೀಳಿ, ಅಗಲ ಬಾಣಲೆಯಲ್ಲಿ ಮುಚ್ಚಳ ಹಾಕದೆ, ಉಪ್ಪನ್ನು ಕೊನೆಗೆ ಹಾಕಿ ಹುರಿದರೆ ಲೋಳೆ ಇರುವುದಿಲ್ಲ. ಕ್ಯಾರೆಟ್ಟು, ಸೌತೆಕಾಯಿ, ಎಲೆಕೋಸು ಹಸಿಯಾಗಿಯೇ ಕುರುಕುರು ಎನ್ನುತ್ತವೆ. ಬೇಡದ ಹತ್ತನ್ನು ಬಿಟ್ಟು ಒಪ್ಪುವ ಮೂರನ್ನು ದಿನಾ ತಿಂದರೂ ಈ ವಯಸ್ಸಿಗೆ ಅಡ್ಡಿಯಿಲ್ಲ, ಉಳಿದವು ನಿಧಾನಕ್ಕೆ ಬರುತ್ತವೆ.

ಈ ಪತ್ರವನ್ನು ಅಮ್ಮನೋ ಅಪ್ಪನೋ ಓದುತ್ತಿದ್ದರೆ ಅವರಿಗೊಂದು ಮಾತು. ಅಮೆರಿಕದಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಸೂಪ್ ಕೊಟ್ಟು ನಡೆಸಿದ, 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ‘ಮುಗಿಸು, ಮುಗಿಸು’ ಎಂದು ಒತ್ತಾಯಿಸಿದಾಗ ಮಕ್ಕಳು ಕಡಿಮೆ ಕುಡಿದರು, ದೂರು ಹೆಚ್ಚು ಹೇಳಿದರು. ನಿಮ್ಮ ಮನೆಯಲ್ಲಿರುವವರು ಐದು ವರ್ಷದವರಲ್ಲ, ಹದಿನಾರರವರು. ಅವರ ಮೇಲೆ ಒತ್ತಾಯ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡೀತೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ವಾರಕ್ಕೆ ಎರಡು ದಿನ ಯಾವ ಕಾಳು, ಯಾವ ರೂಪದಲ್ಲಿ ಎಂದು ಅವರೇ ಹೇಳಲಿ, ಆದರೆ ನೆನೆಹಾಕುವುದೂ ಅವರದ್ದೇ ಕೆಲಸವಾಗಲಿ.

ಕೊನೆಗೆ ಔಷಧಿಯ ವಿಷಯ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಬ್ಯಾಗಿನ ಜೇಬಿನಲ್ಲಿ ಹಾಕಿಕೊಂಡು ಮರೆಯಬೇಡಿ. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ವಾಕರಿಕೆ ಬರಬಹುದು, ಊಟದ ನಂತರ ನುಂಗಿ. ಮಲ ಕಪ್ಪಾದರೆ ಹೆದರಬೇಕಿಲ್ಲ. ವರ್ಷಕ್ಕೆರಡು ಬಾರಿ ಕೊಡುವ ಜಂತುಹುಳದ ಮಾತ್ರೆಯೂ ಇದರ ಜೊತೆಗೆ ಸೇರಿದ್ದೇ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಮಣ್ಣೋ ಸೀಮೆಸುಣ್ಣವೋ ಮಂಜುಗಡ್ಡೆಯೋ ತಿನ್ನಬೇಕೆಂಬ ಚಪಲ, ಬಾಯಿಹುಣ್ಣು, ಕೈಕಾಲು ಜೋಮು ಇದ್ದರೆ ಕಾಳು, ನಿಂಬೆ ಎಂದು ಕೂರದೆ ವೈದ್ಯರ ಬಳಿ ಹೋಗಿ; ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಸಂಗ್ರಹವಾದ ಕಬ್ಬಿಣದ ಅಳತೆ), ಬಿ12 ನೋಡುವುದು ಅಗತ್ಯವೇ ಎಂದು ಕೇಳಿ. ಇನ್ನು ನಿಮ್ಮಲ್ಲಿ ಕೆಲವರಿಗೆ ತಿನ್ನುವ ಪದಾರ್ಥಗಳೇ ಐದಾರಕ್ಕೆ ಇಳಿದಿರಬಹುದು, ಹೊಸದನ್ನು ಕಂಡರೆ ಭಯವಾಗಬಹುದು, ಅದರಿಂದ ತೂಕ ಇಳಿಯುತ್ತಿರಬಹುದು, ಗೆಳೆಯರ ಜೊತೆ ಊಟಕ್ಕೆ ಹೋಗುವುದನ್ನೇ ತಪ್ಪಿಸುತ್ತಿರಬಹುದು. ಅದು ಹಟವೂ ಅಲ್ಲ, ಮುದ್ದು ಹೆಚ್ಚಾದದ್ದೂ ಅಲ್ಲ. ವೈದ್ಯಶಾಸ್ತ್ರ 2013ರಿಂದ ಅದನ್ನು ಪ್ರತ್ಯೇಕ ಸಮಸ್ಯೆಯೆಂದೇ ಗುರುತಿಸಿದೆ, ಚಿಕಿತ್ಸೆಯೂ ಇದೆ. ಅಂಥವರು ಈ ಪತ್ರದ ಬೇರೆ ಮಾತನ್ನೆಲ್ಲ ಬದಿಗಿಟ್ಟು ಮನೆಯವರನ್ನು ಕರೆದುಕೊಂಡು ಮೊದಲು ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ.

ಇಂತಿ,
ನಿಮ್ಮ ಹಿತೈಷಿ